ಬಣ್ಣ ಪುದ್ಗಲದ್ದು

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಹೆಸರಿಸಿದ್ದಾರೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಐಶ್ವರ್ಯ, ತಪಸ್ಸು, ಶರೀರ ಇವನ್ನು ಆಶ್ರಯಿಸಿ ಮೂಡುವ ಅಹಂಕಾರವೇ ಮದ. ಅದು ಸಮ್ಯಗ್ದರ್ಶನಕ್ಕೆ ಅಂಟುವ ಮಲ. ಧನಮದ, ವಿದ್ಯಾಮದಗಳ ಕುರಿತು ಪ್ರವಚನಗಳಲ್ಲಿ ಸಾಕಷ್ಟು ಕೇಳಿಬರುತ್ತದೆ. ಪಟ್ಟಿಯ ಕೊನೆಯ ಶರೀರಮದದ ಬಗ್ಗೆ ಮಾತು ಕಡಿಮೆ. ಅದು ಇದ್ದವನಿಗೇ ಅದರ ಅರಿವಿರುವುದಿಲ್ಲ.

ಅಮೆರಿಕದ ಟೆಕ್ಸಾಸಿನ ಬಿಳಿಯ ಲೇಖಕ ಜಾನ್ ಹೊವಾರ್ಡ್ ಗ್ರಿಫಿನ್‌ಗೂ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಸುಮಾರು ಹತ್ತು ವರ್ಷ ದೃಷ್ಟಿ ಕಳೆದುಕೊಂಡಿದ್ದ ಆತನಿಗೆ 1957ರಲ್ಲಿ ಕಣ್ಣು ಮರಳಿತು. ಕಪ್ಪುವರ್ಣೀಯರ ದಿನನಿತ್ಯದ ಬದುಕು ಹೇಗಿರುತ್ತದೆಂದು ತಿಳಿಯಬೇಕೆಂಬ ಹಂಬಲದಿಂದ, 1959ರ ನವೆಂಬರಿನಲ್ಲಿ ಆತ ನ್ಯೂ ಆರ್ಲಿಯನ್ಸ್ ನಗರದಲ್ಲಿ ವೈದ್ಯರೊಬ್ಬರ ನೆರವಿನಿಂದ ಔಷಧ ಸೇವಿಸಿ, ಅತಿನೇರಳೆ ಕಿರಣಕ್ಕೆ ಮೈಯೊಡ್ಡಿ, ಬಣ್ಣ ಲೇಪಿಸಿಕೊಂಡು, ತಲೆ ಬೋಳಿಸಿಕೊಂಡು ಕಪ್ಪು ಮನುಷ್ಯನಾದ. ಹೆಸರು ಬದಲಿಸಲಿಲ್ಲ, ವಿದ್ಯೆ ಅದೇ, ನಡೆನುಡಿ ಅದೇ. ಬದಲಾದದ್ದು ಚರ್ಮವೊಂದೇ.

ಅಷ್ಟರಿಂದಲೇ ಲೋಕ ಬದಲಾಯಿತು. ನೀರು ಕುಡಿಯಬಹುದಾದ ಜಾಗವನ್ನೂ ಶೌಚಾಲಯವನ್ನೂ ಹುಡುಕಿಕೊಂಡು ಬೀದಿಬೀದಿ ನಡೆಯಬೇಕಾಯಿತು. ಯೋಗ್ಯತೆಗೆ ತಕ್ಕ ಕೆಲಸ ಕೇಳಿದರೆ ಇಲ್ಲವೆಂಬ ಉತ್ತರ. ಮಿಸಿಸಿಪ್ಪಿಯ ದಾರಿಯಲ್ಲಿ ಬಸ್ಸು ನಿಂತಾಗ ಬಿಳಿಯರು ಇಳಿದು ಹೋದರು. ಕಪ್ಪು ಪ್ರಯಾಣಿಕರನ್ನು ಚಾಲಕ ಇಳಿಯಗೊಡಲಿಲ್ಲ. ಟಿಕೆಟ್ ಕೊಡುವಾಕೆಯ ಕಣ್ಣಿನಲ್ಲಿದ್ದ ಕಾರಣವಿಲ್ಲದ ದ್ವೇಷವನ್ನು ಆತ ಬಹುಕಾಲ ಮರೆಯಲಿಲ್ಲ. ಅಲಬಾಮದಲ್ಲಿ ಎರಡೇ ಕೋಣೆಯ ಗುಡಿಸಿಲಲ್ಲಿ ಆರು ಮಕ್ಕಳೊಡನೆ ಬದುಕುತ್ತಿದ್ದ ಮರದ ಕಾರ್ಖಾನೆಯ ಕೂಲಿಯೊಬ್ಬ ಅಪರಿಚಿತನಾದ ಆತನಿಗೆ ರಾತ್ರಿ ತಂಗಲು ಜಾಗ ಕೊಟ್ಟ. ಅತಿಥಿಸತ್ಕಾರವನ್ನು ವ್ರತವಾಗಿ ಬಲ್ಲ ಶ್ರಾವಕರು ಈ ಕೂಲಿಯನ್ನು ನೆನೆಯಬೇಕು.

ಇಷ್ಟೆಲ್ಲ ಅವಮಾನಕ್ಕಿಂತ ಮುಖ್ಯವಾದದ್ದು ಮೊದಲ ರಾತ್ರಿಯೇ ನಡೆದಿತ್ತು. ಕನ್ನಡಿಯಲ್ಲಿ ಕಂಡ ಕಪ್ಪು ಮುಖವನ್ನು ಗ್ರಿಫಿನ್ ತನ್ನದೆಂದು ಗುರುತಿಸಲಾರದೆ ಹೋದ. ಆ ಮುಖದ ಮೇಲೆ ಆತನಿಗೆ ಬಂಧುಭಾವವೇ ಹುಟ್ಟಲಿಲ್ಲ. ಜನಾಂಗದ್ವೇಷವನ್ನು ವಿರೋಧಿಸಿ ಹೊರಟವನ ಅಂತರಂಗದಲ್ಲೇ ಮದ ಅಡಗಿ ಕುಳಿತಿತ್ತು. ತನ್ನನ್ನು ತಾನು ಆಲೋಚನೆ ಮಾಡಿಕೊಂಡು ಅದನ್ನು ಬರೆದಿಟ್ಟದ್ದು ಆತನ ದೊಡ್ಡತನ. ಸ್ಪರ್ಶ, ರಸ, ಗಂಧ, ವರ್ಣಗಳು ಪುದ್ಗಲದ ಗುಣಗಳೆಂದು ತತ್ತ್ವಾರ್ಥಸೂತ್ರ ಸಾರುತ್ತದೆ. ಮೈಬಣ್ಣ ನಾಮಕರ್ಮದ ಫಲ, ಜೀವಕ್ಕೆ ಬಣ್ಣವಿಲ್ಲ. ಇದನ್ನು ಬಾಯಿಪಾಠ ಮಾಡಿದವರ ಮನಸ್ಸಿನಲ್ಲೂ ಕನ್ನಡಿಯ ಎದುರು ಏನು ಏಳುತ್ತದೋ ಹೇಳಲಾಗದು.

ಗ್ರಿಫಿನ್‌ನ ಪುಸ್ತಕ 1961ರಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲೇ, ಸುದ್ದಿ ಹರಡಿದಾಗ, ಆತನ ಊರಿನಲ್ಲಿ ಆತನ ಪ್ರತಿಕೃತಿಯನ್ನು ನೇಣಿಗೆ ಹಾಕಲಾಗಿತ್ತು; ಕುಟುಂಬ ಕೆಲಕಾಲ ಮೆಕ್ಸಿಕೋಗೆ ಹೋಗಬೇಕಾಯಿತು. ಇದನ್ನು ಅನೇಕಾಂತದ ಉತ್ತಮ ನಿದರ್ಶನವೆಂದು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಆತ ಕಪ್ಪಾಗಿದ್ದದ್ದು ಕೆಲವೇ ವಾರ. ಬೇಕೆಂದಾಗ ಮರಳುವ ದಾರಿಯಿತ್ತು. ಮೇಲಾಗಿ, ಆತ ಹೇಳಿದ್ದನ್ನೆಲ್ಲ ಕಪ್ಪುವರ್ಣೀಯರು ತಲೆಮಾರುಗಳಿಂದ ಹೇಳುತ್ತಲೇ ಇದ್ದರು. ಬಿಳಿಯನೊಬ್ಬ ಹೇಳುವವರೆಗೆ ಬಿಳಿಯರಲ್ಲಿ ಹೆಚ್ಚಿನವರು ನಂಬಲಿಲ್ಲ. ತಮ್ಮ ಊರಿನ ಕಪ್ಪುಜನರನ್ನು ಕೇಳುವ ಬದಲು ತನ್ನನ್ನು ಕರೆಸಿ ಕೇಳುತ್ತಾರೆಂದು ಗ್ರಿಫಿನ್ ಮುಂದೆ ಸ್ವತಃ ನೊಂದುಕೊಂಡ. ಇನ್ನೊಬ್ಬನ ಚರ್ಮ ತೊಟ್ಟು ನೋಡುವ ಸಾಹಸಕ್ಕಿಂತ, ಇನ್ನೊಬ್ಬನ ಮಾತಿನಲ್ಲಿ ಸತ್ಯದ ಅಂಶವಿದೆಯೆಂದು ಒಪ್ಪಿ ಆಲಿಸುವುದೇ ಸ್ಯಾದ್ವಾದಕ್ಕೆ ಹತ್ತಿರ. ಅದು ಹೆಚ್ಚು ಕಠಿಣವೂ ಹೌದು.

ಇದು ದೂರದ ಕಥೆಯಲ್ಲ. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸೂಡಾನಿನ ಯುವಕನೊಬ್ಬನ ಕಾರು ಹಾಯ್ದು ಮಹಿಳೆಯೊಬ್ಬರು ಸತ್ತರು. ಅದಕ್ಕೆ ಸಂಬಂಧವೇ ಇಲ್ಲದ, ಬಳಿಕ ಆ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಗುಂಪಿಗೆ ಕಂಡದ್ದು ಬಣ್ಣ ಮಾತ್ರ.

ಕೃಷ್ಣಲೇಶ್ಯೆಯೆಂಬ ಶಬ್ದವನ್ನು ಹಿಡಿದು ಕಪ್ಪನ್ನು ಕೀಳೆಂದುಕೊಳ್ಳುವುದಕ್ಕೂ ಶಾಸ್ತ್ರದ ಆಧಾರವಿಲ್ಲ. ಗೊಮ್ಮಟಸಾರದಲ್ಲಿ ನೇಮಿಚಂದ್ರಾಚಾರ್ಯರು ಮೈಬಣ್ಣವಾದ ದ್ರವ್ಯಲೇಶ್ಯೆಯನ್ನೂ ಕಷಾಯದಿಂದ ಕೂಡಿದ ಭಾವಲೇಶ್ಯೆಯನ್ನೂ ಬೇರ್ಪಡಿಸಿದ್ದಾರೆ. ಮುನಿಸುವ್ರತ, ನೇಮಿನಾಥ ತೀರ್ಥಂಕರರದ್ದು ಶ್ಯಾಮವರ್ಣ. ಬಸದಿಯಲ್ಲಿ ಕಪ್ಪುಶಿಲೆಯ ಜಿನಬಿಂಬಕ್ಕೆ ಭಕ್ತಿಯಿಂದ ಕ್ಷೀರಾಭಿಷೇಕ ನಡೆಯುತ್ತದೆ. ಅದೇ ಕೈಗಳು ಮನೆಗೆ ಬಂದು ವಧು ಬೇಕಾಗಿದೆಯೆಂಬ ಜಾಹೀರಾತಿಗೆ ಬಿಳಿ ಮೈಬಣ್ಣವೆಂದು ಸೇರಿಸುತ್ತವೆ. ಜನಾಂಗದ್ವೇಷವೂ ಇದೂ ಒಂದೇ ಅಲ್ಲ, ಬೇರು ಮಾತ್ರ ಒಂದೇ. ಹೆಣ್ಣು ನೋಡಲು ಬಂದವರು ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಡಿಮೆ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಒಳಕೋಣೆಯಲ್ಲಿ ಕುಳಿತು ಆ ಮಾತನ್ನು ಕೇಳಿಸಿಕೊಂಡವಳನ್ನು, ಹೇಗನ್ನಿಸಿತೆಂದು ಮನೆಯಲ್ಲಿ ಯಾರೂ ವಿಚಾರಿಸುವುದಿಲ್ಲ.