ದೀಪ ಹಿಡಿದವಳಿಗೆ ಬೆಳಕೇ ಶತ್ರು

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರ ನೋಡಿದ್ದೀರಾ? ಅಲ್ಲಿಗೆ ಹೋಗದವರೂ ಕ್ಯಾಲೆಂಡರಿನಲ್ಲಂತೂ ಕಂಡಿರುತ್ತೀರಿ. ಒಂದು ಕೈಲಿ ದೀಪ, ಗಾಳಿಗೆ ಆರದ ಹಾಗೆ ಅಡ್ಡ ಹಿಡಿದ ಇನ್ನೊಂದು ಕೈ, ಬೆರಳುಗಳ ಸಂದಿಯಲ್ಲಿ ಕೆಂಪಗೆ ಹೊಮ್ಮುವ ಬೆಳಕು.

"ಅದಾ? ರವಿವರ್ಮನದು" ಅಂತ ಎಷ್ಟೋ ಜನ ಹೇಳಿಬಿಡುತ್ತಾರೆ. ಅಲ್ಲ ಕಣ್ರೀ! ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ 1940ರ ದಶಕದ್ದು. ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಂಕರ್. ದೀಪ ಹಿಡಿದವಳು ಅವರ ಮಗಳೇ. ದೀಪಾವಳಿಯ ಸಂಜೆ ಅಮ್ಮನ ಸೀರೆ ಉಟ್ಟು, ದೀಪ ಹಿಡಿದು ಬಂದವಳನ್ನು ಕಂಡು ತಂದೆಗೆ ಈ ಚಿತ್ರ ಹೊಳೆಯಿತು. ಆಕೆ 2018ರಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಷ್ಟು ತಿಳಿದ ಮೇಲೆ ನೋಡಿ, ಆ ಹೆಣ್ಣು ನಮ್ಮ ಮನೆಯ ಹುಡುಗಿಯ ಹಾಗೇ ಕಾಣುತ್ತಾಳೆ. ಅದಕ್ಕೇ ಚಿತ್ರದ ಪಕ್ಕದ ಚೀಟಿ ಓದದೆ ಮುಂದೆ ಹೋಗಬಾರದು.

ಇದು ಕಾಗದದ ಮೇಲಿನ ಜಲವರ್ಣ. ಬಣ್ಣದ ಸೀರೆಯನ್ನು ದಿನವೂ ಬಿಸಿಲಿಗೆ ಹಾಕಿದರೆ ಏನಾಗುತ್ತೆ? ಮೇಲಿನ ಮಡಿಕೆ ಬಿಳಿಚಿಕೊಳ್ಳುತ್ತೆ, ಒಳಗಿನದು ಹಾಗೇ ಇರುತ್ತೆ. ಚಿತ್ರಕ್ಕೂ ಅದೇ ಗತಿ. ಹರಿದ ಕಾಗದವನ್ನು ತಿಳಿದವರು ಸರಿಮಾಡಬಹುದು. ಮಾಸಿದ ಬಣ್ಣ ಮಾತ್ರ ಮತ್ತೆ ಬಾರದು. ಮೇಲೆ ಹೊಸ ಬಣ್ಣ ಬಳಿದರೆ ಅದು ಬೇರೆಯವರ ಚಿತ್ರವಾಯಿತು! ಆದ್ದರಿಂದಲೇ ವಸ್ತುಸಂಗ್ರಹಾಲಯಗಳಲ್ಲಿ ಇಂಥ ಚಿತ್ರಗಳಿಗೆ ಸುಮಾರು 50 ಲಕ್ಸ್, ಅಂದರೆ ಕಣ್ಣು ಹೊಂದಿಕೊಳ್ಳಲು ತುಸು ಹೊತ್ತು ಬೇಕಾಗುವಷ್ಟು ಮಂದ ಬೆಳಕು ಸಾಕೆನ್ನುತ್ತಾರೆ. "ದುಡ್ಡು ಕೊಟ್ಟು ಬಂದಿದ್ದೇವೆ, ಒಂದು ದೀಪ ಹಾಕಬಾರದೆ?" ಎಂದು ಗೊಣಗಬೇಡಿ. ನಿಮ್ಮ ಮೊಮ್ಮಕ್ಕಳೂ ನೋಡಲಿ ಎಂದೇ ಈ ಜಿಪುಣತನ.

ಮನೆಯ ಪಟಗಳಿಗೂ ಈ ಮಾತು ಸಲ್ಲುತ್ತದೆ:

* ಬಿಸಿಲು ಬೀಳುವ ಗೋಡೆಗೆ ಪಟ ತೂಗುಹಾಕಬೇಡಿ. ಮಳೆಗಾಲದಲ್ಲಿ ತೇವ ಹೀರುವ ಗೋಡೆಯೂ ಬೇಡ. ಹಿಂದೆ ಬೂಷ್ಟು ಹಿಡಿಯುತ್ತೆ.

* ಗಾಜಿಗೆ ನೀರು ಚಿಮುಕಿಸಿ ಒರೆಸಬೇಡಿ. ಚೌಕಟ್ಟಿನ ಸಂದಿಯಿಂದ ನೀರು ಒಳಗಿಳಿಯುತ್ತೆ. ಒಣ ಮೆತ್ತನೆಯ ಬಟ್ಟೆ ಸಾಕು.

* ಚಿನ್ನದ ರೇಕಿನ ಹಳೆಯ ಮೈಸೂರು ಪಟಕ್ಕೆ ಒದ್ದೆ ಬಟ್ಟೆ ತಾಗಿಸಲೇಬೇಡಿ. ಅಂಟು ಸಡಿಲವಾಗಿ ರೇಕು ಎದ್ದೀತು.

* ಅಜ್ಜಿ-ತಾತಂದಿರ ಫೋಟೋಗಳಿದ್ದರೆ, ಅವರು ಯಾರು, ಯಾವ ಊರು, ಯಾರ ಮದುವೆ ಎಂದು ಮನೆಯ ಹಿರಿಯರನ್ನು ಕೇಳಿ ಈಗಲೇ ಚೀಟಿಯಲ್ಲಿ ಬರೆದು ಜೊತೆಗಿಡಿ.

ಬಣ್ಣ ಉಳಿದು ಹೆಸರು ಹೋದರೂ ಪಟ ಅರ್ಧ ಹೋದ ಹಾಗೇ ಅಲ್ಲವೆ?