ಚಿತ್ರದಲ್ಲಿ ಕಾಣದ ಚರಂಡಿ

ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರನ್ನು ಕೇಳದ ವಿದ್ಯಾರ್ಥಿ ವಿರಳ. ನಡುರಾತ್ರಿಯಲ್ಲಿ ಕೈದೀಪ ಹಿಡಿದು ಗಾಯಾಳುಗಳ ಹಾಸಿಗೆಯಿಂದ ಹಾಸಿಗೆಗೆ ನಡೆಯುವ ಆ ಕರುಣಾಮೂರ್ತಿ ನಮ್ಮೆಲ್ಲರ ಮನಸ್ಸಿನಲ್ಲಿ ನೆಲೆಸಿದ್ದಾರೆ. ಆದರೆ ಅವರು ಸೇವೆ ಸಲ್ಲಿಸಿದ ಆಸ್ಪತ್ರೆಯ ಹಳೆಯ ಮುದ್ರಿತ ಚಿತ್ರವೊಂದನ್ನು ನೋಡುವಾಗಲೆಲ್ಲ, ಈ ಕಥೆಯ ಅರ್ಧಭಾಗವನ್ನಷ್ಟೇ ನಾವು ಮಕ್ಕಳಿಗೆ ಹೇಳುತ್ತಿರುವೆವಲ್ಲವೆ ಎಂಬ ಶಂಕೆ ನನ್ನನ್ನು ಕಾಡುತ್ತದೆ.

ಆ ಚಿತ್ರದ ಕರ್ತೃ, ಗ್ಲಾಸ್ಗೋ ನಗರದಲ್ಲಿ 1823ರಲ್ಲಿ ಜನಿಸಿದ ವಿಲಿಯಂ ಸಿಂಪ್ಸನ್. ಬ್ರಿಟನ್, ಫ್ರಾನ್ಸ್ ಹಾಗೂ ತುರ್ಕಿಗಳು ಒಂದಾಗಿ ರಷ್ಯದೊಡನೆ ಹೋರಾಡುತ್ತಿದ್ದ ಕ್ರಿಮಿಯಾ ರಣರಂಗಕ್ಕೆ 1854ರಲ್ಲಿ ತೆರಳಿದ ಆತ ಬರೆದ ಚಿತ್ರಗಳು ಲಂಡನ್ನಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿತವಾದವು. ಛಾಯಾಚಿತ್ರಗಳನ್ನು ಪತ್ರಿಕೆಗಳಲ್ಲಿ ಅಚ್ಚುಹಾಕುವ ವಿಧಾನ ಇನ್ನೂ ಬಾರದಿದ್ದ ಆ ಕಾಲದಲ್ಲಿ ದೂರದ ಯುದ್ಧವನ್ನು ಜನರ ಕಣ್ಣೆದುರಿಗೆ ತಂದವುಗಳಲ್ಲಿ ಇಂಥ ಚಿತ್ರಗಳು ಮುಖ್ಯವಾದವು. 1856ರ ಏಪ್ರಿಲ್ ತಿಂಗಳಿನಲ್ಲಿ ಪ್ರಕಟವಾದ ಹಾಳೆಯೊಂದರಲ್ಲಿ, ಇಸ್ತಾಂಬುಲ್ ನಗರದೆದುರು ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೈನಿಕ ಆಸ್ಪತ್ರೆಯ ಒಂದು ವಾರ್ಡು ಮೂಡಿದೆ. ವಿಶಾಲವಾದ ಕೊಠಡಿ, ಸಾಲುಸಾಲು ಮಂಚಗಳು, ನಡುವೆ ಅಧಿಕಾರಿಯೊಬ್ಬರೊಡನೆ ಮಾತನಾಡುತ್ತಿರುವ ನೈಟಿಂಗೇಲ್. ಎಲ್ಲವೂ ಶುಭ್ರ, ಎಲ್ಲವೂ ಶಾಂತ.

ಚಿತ್ರ ಸುಳ್ಳಾಡುತ್ತಿದೆಯೆಂದು ನಾನು ಹೇಳುವುದಿಲ್ಲ. ಆದರೆ ಅದು ಪ್ರಕಟವಾಗುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. 1854ರ ನವೆಂಬರ್ 4ರಂದು 38 ಮಂದಿ ದಾದಿಯರೊಡನೆ ನೈಟಿಂಗೇಲ್ ಬಂದಿಳಿದಾಗ ಕಂಡದ್ದು ಬೇರೆಯೇ ದೃಶ್ಯ. ಅದು ಮೂಲತಃ ತುರ್ಕಿ ಸೈನಿಕರ ವಸತಿಗಾಗಿ ಕಟ್ಟಿದ ಕಟ್ಟಡ. ಅದರ ತಳದ ಚರಂಡಿಗಳು ಕಟ್ಟಿಕೊಂಡು ಕೊಳೆಯುತ್ತಿದ್ದವು, ಗಾಳಿ ಕೆಟ್ಟಿತ್ತು, ನೀರು ಕಲುಷಿತವಾಗಿತ್ತು. ಆಕೆ ಅಡುಗೆಮನೆಯನ್ನು ಸರಿಪಡಿಸಿದರು, ಬಟ್ಟೆ ಒಗೆಯುವ ವ್ಯವಸ್ಥೆ ಮಾಡಿದರು, ಹಗಲಿರುಳು ದುಡಿದರು. ಆದರೂ ಆ ಚಳಿಗಾಲದಲ್ಲಿ ಸಾವುಗಳು ಏರುತ್ತಲೇ ಹೋದವು. ಮುಂದೆ ಆಕೆಯೇ ಕೊಟ್ಟ ಲೆಕ್ಕದಂತೆ, 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 42 ಮಂದಿ ಮಡಿದರು. ಮಾರ್ಚ್ ತಿಂಗಳಲ್ಲಿ ಸರ್ಕಾರದ ನೈರ್ಮಲ್ಯ ಆಯೋಗ ಬಂದು ಚರಂಡಿಗಳನ್ನು ತೊಳೆಸಿತು, ಪ್ರಾಣಿಗಳ ಕಳೇಬರಗಳನ್ನು ತೆಗೆಸಿತು, ಗಾಳಿಯಾಡಲು ದಾರಿ ಮಾಡಿತು. ಜೂನ್ ವೇಳೆಗೆ ಸಾವು ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು. ಚಳಿ ಕಳೆದದ್ದು, ರೋಗಿಗಳ ದಟ್ಟಣೆ ತಗ್ಗಿದ್ದು ಇದಕ್ಕೆ ನೆರವಾದದ್ದು ನಿಜ; ಆದರೂ ಆ ಕೊಳೆ ತೊಲಗದೆ ಇಷ್ಟು ಜೀವಗಳು ಉಳಿಯುತ್ತಿದ್ದವೆಂದು ನಂಬುವುದು ಕಷ್ಟ.

ಈ ಸತ್ಯವನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಒಪ್ಪಿಕೊಂಡವರು ಸ್ವತಃ ನೈಟಿಂಗೇಲ್. ಹಸಿವು ಮತ್ತು ಬಳಲಿಕೆಗಳಿಂದ ಕೃಶರಾಗಿ ಬಂದುದೇ ಸೈನಿಕರ ಸಾವಿಗೆ ಕಾರಣವೆಂದು ಆಕೆ ಮೊದಲು ಭಾವಿಸಿದ್ದರು. ಸ್ವದೇಶಕ್ಕೆ ಮರಳಿದ ಬಳಿಕ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ನೆರವಿನಿಂದ ಅಂಕಿಗಳನ್ನು ಪರಿಶೀಲಿಸಿದಾಗ ಆ ಭಾವನೆ ಅಳಿಯಿತು. 1858ರಲ್ಲಿ ಆಕೆಯೂ ಒಂದು ಚಿತ್ರವನ್ನು ಅಚ್ಚು ಹಾಕಿಸಿದರು. ಅದರಲ್ಲಿ ಮಂಚವಿಲ್ಲ, ಮನುಷ್ಯರಿಲ್ಲ. ವರ್ತುಲಾಕಾರದಲ್ಲಿ ಜೋಡಿಸಿದ ಹನ್ನೆರಡು ಹೋಳುಗಳು, ತಿಂಗಳಿಗೊಂದರಂತೆ. ಗಾಯದಿಂದ ಸತ್ತವರಿಗೆ ಕೆಂಪು, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರಿಗೆ ನೀಲಿ, ಉಳಿದ ಕಾರಣಗಳಿಗೆ ಕಪ್ಪು. ನೀಲಿಯ ಮುಂದೆ ಕೆಂಪು ತೀರ ಕಿರಿದು. ಶತ್ರುವಿನ ಗುಂಡಿಗಿಂತ ನಮ್ಮ ಅಲಕ್ಷ್ಯವೇ ಹೆಚ್ಚು ಜನರನ್ನು ಕೊಂದಿತೆಂದು ಆ ಬಣ್ಣಗಳು ಸಾರಿದವು.

ಎರಡು ಚಿತ್ರಗಳಲ್ಲಿ ಮೊದಲನೆಯದು ನೋಡುವವನಿಗೆ ಸಮಾಧಾನ ಕೊಡುತ್ತದೆ. ಎರಡನೆಯದು ಅವನ ನೆಮ್ಮದಿ ಕೆಡಿಸುತ್ತದೆ. ಲೋಕಕ್ಕೆ ಹೆಚ್ಚು ಉಪಕಾರ ಮಾಡಿದ್ದು ಎರಡನೆಯದೆಂದೇ ನನ್ನ ಅಭಿಪ್ರಾಯ. ಅದೇ ದೃಷ್ಟಿ ಭಾರತವನ್ನೂ ಮುಟ್ಟಿತು. ಇಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರಲ್ಲಿ ರಾಯಲ್ ಆಯೋಗ ವರದಿ ಮಾಡಿತು. ಅದರ ಹಿಂದೆ ನಮ್ಮ ನೆಲವನ್ನು ಎಂದೂ ಮೆಟ್ಟದ ನೈಟಿಂಗೇಲ್ ಅವರ ದುಡಿಮೆಯಿತ್ತು. ಸೈನಿಕ ಠಾಣೆಗಳಿಂದ ಬಂದ ಉತ್ತರಗಳನ್ನು ಓದಿ, ನೀರು ಮತ್ತು ಚರಂಡಿಗಳ ಸ್ಥಿತಿಯನ್ನು ಆಕೆ ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆದರು.

ಹೀಗೆಂದ ಮಾತ್ರಕ್ಕೆ ದೀಪದ ಬೆಲೆ ಕುಂದುವುದೆ? ಖಂಡಿತ ಇಲ್ಲ. ಸಾಯುತ್ತಿರುವವನ ಕೈ ಹಿಡಿಯುವವರು ಬೇಕೇ ಬೇಕು. ಆದರೆ ಅವನು ಏಕೆ ಸಾಯುತ್ತಿದ್ದಾನೆಂದು ಕೇಳದ ಕರುಣೆ ಅಪೂರ್ಣ. ತನ್ನ ಶ್ರಮ ಸಾಲಲಿಲ್ಲವೆಂಬುದನ್ನು ಅಂಕಿಗಳಲ್ಲಿ ಕಂಡು, ಅದನ್ನು ಮುಚ್ಚಿಡದೆ ಲೋಕದ ಮುಂದಿಟ್ಟ ಧೈರ್ಯ ರಾತ್ರಿಯ ಜಾಗರಣೆಗಿಂತ ಕಿರಿದಲ್ಲ. ನಮ್ಮ ಶಾಲೆಯ ಗೋಡೆಯ ಮೇಲೆ ದೀಪಧಾರಿಣಿಯ ಪಟವಿರಲಿ. ಅದರ ಪಕ್ಕದಲ್ಲಿ ಆ ನೀಲಿ ಹೋಳುಗಳ ಪಟವೂ ಇರಲಿ. ವಿದ್ಯಾರ್ಥಿಗಳು ಮೊದಲನೆಯದಕ್ಕೆ ನಮಸ್ಕರಿಸಲಿ. ಎರಡನೆಯದನ್ನು ಓದಿ, ಅಂಗಳಕ್ಕೆ ಬಂದು ತಾವು ಕುಡಿಯುವ ನೀರಿನ ತೊಟ್ಟಿಯ ಮುಚ್ಚಳ ತೆರೆದು ನೋಡಲಿ.