ಸಾವಿರ ಸುಳ್ಳಿನ ಬದಲು ಒಂದು ಸಂದೇಹ

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡಿಸಬೇಕು ಎಂಬ ಗಾದೆಯನ್ನು ನಮ್ಮ ಹಿರಿಯರು ಪುಣ್ಯದ ಮಾತಿನಂತೆ ಹೇಳುತ್ತಾರೆ. ಹುಡುಗನ ಸಂಬಳಕ್ಕೆ ಹತ್ತು ಸಾವಿರ ಸೇರಿಸುವುದು, ಹುಡುಗಿಯ ವಯಸ್ಸಿನಲ್ಲಿ ಎರಡು ವರ್ಷ ಕಳೆಯುವುದು, ಅತ್ತೆಯಾಗುವವರ ಸಿಡುಕಿಗೆ 'ಸ್ವಲ್ಪ ಶಿಸ್ತು' ಎಂದು ಹೆಸರಿಡುವುದು, ಎಲ್ಲವೂ ಈ ಪುಣ್ಯದ ಲೆಕ್ಕದಲ್ಲೇ ನಡೆದುಹೋಗುತ್ತದೆ. ಆದರೆ ಮದುವೆಯಾಗಬೇಕಾದ ಇಬ್ಬರು 'ನಮಗೆ ಯಾಕೋ ಸಂದೇಹ' ಎಂದು ಒಂದೇ ಒಂದು ನಿಜ ಹೇಳಿದರೆ ಮನೆಯೆಲ್ಲ ಅಲ್ಲೋಲಕಲ್ಲೋಲ! ಅಷ್ಟೊಂದು ಸುಳ್ಳನ್ನು ಅರಗಿಸಿಕೊಳ್ಳುವ ನಾವು ಒಂದು ಸಂದೇಹವನ್ನು ಯಾಕೆ ಸಹಿಸುವುದಿಲ್ಲ?

ನನಗೆ ಇದು ಬರಿಯ ಚರ್ಚೆಯ ವಿಷಯವಲ್ಲ. ನಾನೂ ನನ್ನ ಗೆಳೆಯನೂ ಐದು ವರ್ಷಗಳಿಂದ ಒಬ್ಬರನ್ನೊಬ್ಬರು ಬಲ್ಲವರು. ನಾನು ಶಿವಮೊಗ್ಗದಲ್ಲಿ ಅಮ್ಮನ ಜೊತೆಗಿದ್ದೇನೆ, ಅವನ ಕೆಲಸ ದಾವಣಗೆರೆಯಲ್ಲಿ. ಎರಡೂ ಮನೆಯವರಿಗೆ ವಿಷಯ ಗೊತ್ತು, ವಿರೋಧವೂ ಇಲ್ಲ. ಈ ಐದು ವರ್ಷಗಳಲ್ಲಿ ನನ್ನ ಜೊತೆ ಓದಿದವರು, ಚಿಕ್ಕಪ್ಪನ ಮಕ್ಕಳು, ಕೊನೆಗೆ ನಾನು ಲೆಕ್ಕ ಹೇಳಿಕೊಟ್ಟ ಎದುರು ಮನೆಯ ಹುಡುಗಿ ಕೂಡ ಧಾರೆ ಎರೆಸಿಕೊಂಡು ಹೋದರು. ವೈಶಾಖ ಬಂತೆಂದರೆ ಟೀಪಾಯಿಯ ಮೇಲೆ ಲಗ್ನಪತ್ರಿಕೆಗಳ ರಾಶಿ. ಯಾವ ಛತ್ರದಲ್ಲಿ ಎಲೆಯ ಮುಂದೆ ಕುಳಿತರೂ ಅದೇ ಪ್ರಶ್ನೆ: "ಏನೇ, ನಮಗೆ ಹೋಳಿಗೆ ಊಟ ಹಾಕಿಸೋದು ಯಾವಾಗ?" ಅವನನ್ನೂ ಕೇಳುತ್ತಾರೆ. ಆದರೆ ಅವನಿಗೆ 'ಇನ್ನೂ ಟೈಮಿದೆ ಬಿಡಪ್ಪ' ಎಂಬ ಸಮಾಧಾನ ಜೊತೆಗೇ ಸಿಗುತ್ತದೆ. ನನಗೆ ಸಿಗುವುದು 'ವಯಸ್ಸು ನಿಲ್ಲುತ್ತೇನೆ?' ಎಂಬ ಎಚ್ಚರಿಕೆ.

ನಮಗೆ ಒಬ್ಬರ ಮೇಲೊಬ್ಬರಿಗೆ ಅಪನಂಬಿಕೆಯೇನೂ ಇಲ್ಲ. ತಾಳಿ ಕಟ್ಟಿದ ಮರುದಿನದಿಂದ ನಾವಿಬ್ಬರೂ ಏನಾಗಿಬಿಡುತ್ತೇವೆ ಎಂಬುದೇ ಭಯ. ಈಗ ಅವನು ನಮ್ಮ ಮನೆಗೆ ಬಂದರೆ ಕಾಫಿ ತಾನೇ ಮಾಡುತ್ತಾನೆ, ಲೋಟ ತೊಳೆದಿಡುತ್ತಾನೆ. ಅಮ್ಮ ಮೆಚ್ಚಿಕೊಳ್ಳುತ್ತಾಳೆ. 'ಅಳಿಯನಾದ ಮೇಲೆ ಇದನ್ನೆಲ್ಲ ಮಾಡಿಸೋಕಾಗುತ್ತೇನೆ?' ಎಂದೂ ಅವಳೇ ಹೇಳುತ್ತಾಳೆ! ಅಮ್ಮನ ಔಷಧಿ ನನ್ನ ಸಂಬಳದಲ್ಲಿ ನಡೆಯುತ್ತದೆ. ಮದುವೆಯಾದ ಮೇಲೆ ಅದೇ ಹಣ 'ತವರಿಗೆ ಕಳಿಸುವ ದುಡ್ಡು' ಆಗುತ್ತದೆ. ಅವನು ತನ್ನ ತಾಯಿಗೆ ಕೊಟ್ಟರೆ ಕರ್ತವ್ಯ, ನಾನು ನನ್ನ ತಾಯಿಗೆ ಕೊಟ್ಟರೆ ಗಂಡನ ಮನೆಯವರ ಔದಾರ್ಯ!

ಈ ನ್ಯಾಯ ಎಲ್ಲಿಯದು? 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಇನ್ನೊಂದು ಗಾದೆಯದು. ಈ ಗಾದೆ ಕಾನೂನಿನೊಳಗೂ ನುಸುಳಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಕೊಡಲು ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಅದಕ್ಕೆ ಮೊದಲೇ ಮದುವೆಯಾಗಿದ್ದವಳನ್ನು ಹೊರಗಿಟ್ಟಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನೇ ತಿದ್ದಿದಾಗ ಆ ಭೇದ ಅಳಿಯಿತು. ತಂದೆತಾಯಿಯರ ಪೋಷಣೆಗಾಗಿ ಬಂದ 2007ರ ಕಾಯ್ದೆಯೂ ಮಕ್ಕಳು ಎನ್ನುವಾಗ ಮಗನ ಜೊತೆ ಮಗಳನ್ನೂ ಸೇರಿಸಿದೆ. ಕಾನೂನು ಇಷ್ಟು ದೂರ ನಡೆದು ಬಂದಿದ್ದರೂ ನಮ್ಮ ಪಡಸಾಲೆ ಮಾತ್ರ ಗಾದೆಯ ಹತ್ತಿರವೇ ಕುಳಿತಿದೆ.

'ಆಡಂಬರ ಬೇಡವಾದರೆ ಸರಳವಾಗಿ ಮಾಡಿಕೊಳ್ಳಿ' ಎನ್ನುವವರಿದ್ದಾರೆ. ಒಳ್ಳೆಯ ಮಾತೇ. ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ಮೂಲಕ ನಡೆಸಿ ದಾರಿ ತೋರಿದ್ದಾರೆ. 1954ರ ವಿಶೇಷ ವಿವಾಹ ಕಾಯ್ದೆಯಂತೆ 30 ದಿನಗಳ ನೋಟೀಸು ಕೊಟ್ಟು ಮೂವರು ಸಾಕ್ಷಿಗಳ ಮುಂದೆ ಸಹಿ ಹಾಕಿದರೂ ಆಯಿತು. ಮದುವೆಯೆಂದರೆ ಹಾಡು ಕುಣಿತ, ಊಟ ಉಪಚಾರ, ವರದಕ್ಷಿಣೆಯ ವಸೂಲಿ ಅಲ್ಲವೆಂದು 2024ರಲ್ಲಿ ಸುಪ್ರೀಂ ಕೋರ್ಟೇ ಬುದ್ಧಿ ಹೇಳಿತು. ಆದರೆ ಸರಳತೆ ಉಳಿಸಿಕೊಡುವುದು ಮದುವೆಯ ದಿನದ ಸಾಲವನ್ನು. ಮರುದಿನ ಬೆಳಿಗ್ಗೆ ಒಲೆಯ ಮುಂದೆ ಯಾರು ನಿಲ್ಲಬೇಕು ಎಂಬುದನ್ನು ಅದು ತೀರ್ಮಾನಿಸುವುದಿಲ್ಲ.

ಬೆಂಗಳೂರಿನ ಗೆಳತಿಯರು ಇನ್ನೊಂದು ಪರಿಹಾರ ಹೇಳುತ್ತಾರೆ: ಮದುವೆ ಬರಿಯ ಕಾಗದ, ಸುಮ್ಮನೆ ಜೊತೆಗಿದ್ದುಬಿಡಿ. ವಯಸ್ಕರಿಬ್ಬರು ಹಾಗಿರುವುದು ಅಪರಾಧವಲ್ಲವೆಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮದುವೆಯಂಥ ಸಂಬಂಧದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಡುತ್ತದೆ. ಆದರೆ ನಾಳೆ ನಮ್ಮಲ್ಲೊಬ್ಬರು ಉಯಿಲು ಬರೆಯದೆ ಕಣ್ಣು ಮುಚ್ಚಿದರೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ವಾರಸುದಾರರ ಪಟ್ಟಿಯಲ್ಲಿ ಹೆಂಡತಿಯಿದ್ದಾಳೆ, ಜೊತೆಗಿದ್ದವಳಿಲ್ಲ. ಕಾಗದಕ್ಕೆ ಬೆಲೆಯಿದೆ. ಅದಕ್ಕೇ ನಾವು ಮದುವೆ ಬೇಡ ಎನ್ನುತ್ತಿಲ್ಲ, ಸಂದೇಹ ಎನ್ನುತ್ತಿದ್ದೇವೆ. ಸಹಿ ಹಾಕುವ ಮುಂಚೆ ಪತ್ರ ಓದುವುದನ್ನು ಮನೆ ಕೊಳ್ಳುವಾಗ ಜಾಣತನ ಎನ್ನುವವರು ಮದುವೆಯಲ್ಲಿ ಯಾಕೆ ಅಪಶಕುನ ಎನ್ನಬೇಕು?

ಓದದೆ ಸಹಿ ಹಾಕಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆತನದಲ್ಲೇ ಕಂಡಿದ್ದೇನೆ. ನನ್ನ ದೊಡ್ಡಮ್ಮನ ಮಗಳು ಮದುವೆಗೆ ಹತ್ತು ದಿನವಿರುವಾಗ ಅಳುತ್ತ ಹೇಳಿದಳು: "ಅಮ್ಮಾ, ಅವರು ಕೆಲಸ ಬಿಡು ಅಂತಿದ್ದಾರೆ. ನನಗೆ ಧೈರ್ಯ ಸಾಲ್ತಿಲ್ಲ." ದೊಡ್ಡಮ್ಮನ ಉತ್ತರ: "ಕಾರ್ಡು ಹಂಚಿಯಾಗಿದೆ ಕಣೇ." ಹಂಚಿದ ಕಾರ್ಡುಗಳ ಮರ್ಯಾದೆ ಉಳಿಯಿತು. ಆಕೆ ಈಗ ಎರಡು ವರ್ಷದ ಮಗುವನ್ನು ಎತ್ತಿಕೊಂಡು ತವರಿಗೆ ಬಂದಿದ್ದಾಳೆ, ಕೈಯಲ್ಲಿ ಕೆಲಸವಿಲ್ಲ. ಅಂದು ಪಂಕ್ತಿಯಲ್ಲಿ ಕುಳಿತು ಎರಡು ಸಲ ಹೋಳಿಗೆ ಹಾಕಿಸಿಕೊಂಡವರಲ್ಲಿ ಎಷ್ಟು ಜನ ಬಂದು ಅವಳನ್ನು ಮಾತನಾಡಿಸಿದರು? ನಾನು ಲೆಕ್ಕ ಹಾಕಲು ಹೊರಟರೆ ಒಂದು ಕೈಯ ಬೆರಳು ಸಾಕಾಗುತ್ತದೆ.

ಸಾಲಾವಳಿ ನೋಡುವಾಗ ನಾವು 36 ಗುಣಗಳನ್ನು ಎಣಿಸುತ್ತೇವೆ. ಅದರ ಜೊತೆ ನಾಲ್ಕೇ ನಾಲ್ಕು ಪ್ರಶ್ನೆ ಸೇರಿಸಿದರೆ ಭಾರವಾಗುತ್ತದೆಯೇ? ಇಬ್ಬರ ತಂದೆತಾಯಿಯರನ್ನೂ ನೋಡಿಕೊಳ್ಳುವವರು ಯಾರು? ವರ್ಗವಾದರೆ ಯಾರ ಕೆಲಸ ಬಿಡಬೇಕು? ಸಂಬಳದ ಮೇಲೆ ಅಧಿಕಾರ ಯಾರದು? ಇಬ್ಬರೂ ದಣಿದು ಬಂದ ಸಂಜೆ ಅನ್ನಕ್ಕಿಡುವವರು ಯಾರು? ನಾವಿಬ್ಬರೂ ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳುತ್ತಿದ್ದೇವೆ. ಎರಡಕ್ಕೆ ಒಪ್ಪಿಗೆಯಾಗಿದೆ, ಎರಡಕ್ಕೆ ಇನ್ನೂ ಜಗಳ ನಡೆದಿದೆ. ಎಲ್ಲಕ್ಕೂ ಉತ್ತರ ಸಿಕ್ಕ ದಿನ ಮದುವೆಯಾಗುತ್ತೇವೋ, ಇಲ್ಲವೋ, ಅದನ್ನು ನಾವೇ ಹೇಳುತ್ತೇವೆ.

ನಿಮ್ಮ ಮನೆಯ ಹುಡುಗಿಯೂ ಹೀಗೆ ತಡೆದು ನಿಂತಿದ್ದರೆ 'ಯಾವಾಗ?' ಎಂದು ಕೇಳಬೇಡಿ. 'ಏನೇನು ಮಾತಾಡಿಕೊಂಡಿದ್ದೀರಿ?' ಎಂದು ಕೇಳಿ, ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ. ಕಾರ್ಡು ಹಂಚಿಯಾದ ಮೇಲೆ ಹೇಳಿದರೂ ಕೇಳಿಸಿಕೊಳ್ಳಿ. ಹೋಳಿಗೆ ತಡವಾಯಿತೆಂದು ಈವರೆಗೆ ಯಾರೂ ಉಪವಾಸ ಸತ್ತಿಲ್ಲ.